ನಲವತ್ತೊಂದನೆಯ ಸಾಲು

ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಜಸೀಲಾ ಹೊರಗೆ ನೋಡಲಿಲ್ಲ. ತೊಡೆಯ ಮೇಲೆ ನೀಲಿ ಫೈಲು, ಫೈಲಿನ ಮೇಲೆ ಎರಡೂ ಕೈ. ಯಾರೋ ಕಸಿದುಕೊಂಡು ಓಡುತ್ತಾರೆ ಎಂಬಂತೆ ಹಿಡಿದಿದ್ದಳು. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಯಾರಾದರೂ ಕಸಿದುಕೊಂಡು ಓಡಿದ್ದರೆ ಅವರಿಗೊಂದು ಸಲಾಂ ಹೇಳಿ ಕಳಿಸುತ್ತಿದ್ದಳು.

ಫೈಲಿನಲ್ಲಿ ಅರುವತ್ತೆರಡು ಸಾಲುಗಳಿದ್ದವು. ಅರುವತ್ತೊಂದು ಸತ್ಯ. ಒಂದು ಸುಳ್ಳು.

ಸುಳ್ಳಿನದು ನಲವತ್ತೊಂದನೆಯ ಸಾಲು. 'ಮೈನ್ ಆಫ್ ಮಾಡಿ ಜನರೇಟರನ್ನು ಓಡಿಸಿ ಪರೀಕ್ಷಿಸಲಾಗಿದೆ. ನಾನೇ ಎದುರಿಗೆ ನಿಂತು ನೋಡಿದ್ದೇನೆ.' ಎದುರಿಗೆ ಟಿಕ್ಕು. ಕೆಳಗೆ ಕೆಲಸ ಮಾಡಿದವರ ಸಹಿ, ಅದರ ಕೆಳಗೆ ಅವಳದು, ಮಂಗಳವಾರದ ತಾರೀಕು. ಅವಳು ನೋಡಿರಲಿಲ್ಲ.

ಅವಳೇನು ಸುಳ್ಳು ಬರೆದು ಬದುಕುವವರ ಪೈಕಿಯಲ್ಲ. ಮೂವತ್ತಾರು ವರ್ಷದ ಹೆಂಗಸು, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಒಂಬತ್ತು ವರ್ಷಗಳಿಂದ ಬಿ.ಸಿ. ರೋಡಿನ ಕಂಟ್ರಾಕ್ಟರ್ ಅಬ್ದುಲ್ ರವೂಫರ ಆಫೀಸಿನಲ್ಲಿ ದುಡಿಯುತ್ತಿದ್ದಾಳೆ. ಯಾವ ಸಾಮಾನು ಎಂದು ಬರಬೇಕು, ಯಾವ ಕೆಲಸದವನು ಎಲ್ಲಿರಬೇಕು, ಯಾರಿಗೆ ಫೋನಿನಲ್ಲಿ ಬೈಯಬೇಕು, ಎಲ್ಲವೂ ಅವಳದೇ ತಲೆನೋವು. ಆದರೆ ಸೈಟಿಗೆ ಯಾರಾದರೂ ದೊಡ್ಡವರು ಬಂದರೆ ರವೂಫರು ಅವಳನ್ನು ತೋರಿಸಿ "ಇವಳು ನಮ್ಮ ಆಫೀಸಿನ ಹುಡುಗಿ" ಎನ್ನುತ್ತಾರೆ. ಮೂವತ್ತಾರಕ್ಕೂ ಹುಡುಗಿ! ಕೇಳಿ ಕೇಳಿ ಅವಳ ಹೊಟ್ಟೆ ಉರಿದುಹೋಗಿತ್ತು. ಒಂದು ದಿನ ಬಾಯಿ ಬಿಟ್ಟೇ ಹೇಳಿದಾಗ ರವೂಫರು, "ಸರ್ಟಿಫಿಕೇಟು ತಾ, ಮರುದಿನವೇ ಸೈಟಿನ ಬೋರ್ಡಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂತ ನಿನ್ನ ಹೆಸರು ಹಾಕ್ತೇನೆ" ಎಂದರು. ಮನುಷ್ಯ ಆಡಿದ ಮಾತಿಗೆ ತಪ್ಪುವವರಲ್ಲ.

ಹಾಗೆ ಒಂದು ವರ್ಷ ಪ್ರತಿ ಆದಿತ್ಯವಾರ ಮೂಡುಬಿದಿರೆಗೆ ಬಸ್ಸು ಹತ್ತಿ ಆ ಸರ್ಟಿಫಿಕೇಟಿನ ಕ್ಲಾಸಿಗೆ ಹೋದಳು. ಅಲ್ಲಿ ಪ್ರಶ್ನೆಪತ್ರಿಕೆಯೂ ಇಲ್ಲ, ಅಂಕವೂ ಇಲ್ಲ. ಒಂದು ನಿಜವಾದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಬೇಕು, ಪ್ರತಿ ಹೆಜ್ಜೆಗೂ ಫೈಲಿನಲ್ಲಿ ಪುರಾವೆ ಇಡಬೇಕು. ಕೊನೆಯ ದಿನ ಪರೀಕ್ಷಕರೊಬ್ಬರು ಸೈಟಿಗೇ ಬಂದು ಕಣ್ಣಾರೆ ನೋಡಿ ಎರಡರಲ್ಲಿ ಒಂದನ್ನು ಬರೆಯುತ್ತಾರೆ: 'ಸಮರ್ಥರು', ಇಲ್ಲವೇ 'ಇನ್ನೂ ಸಮರ್ಥರಲ್ಲ'. ಮೊದಲ ಕ್ಲಾಸಿನಲ್ಲೇ ಹೇಳಿದ್ದರು: ಒಂದು ಸಾಲು ಸುಳ್ಳೆಂದು ಗೊತ್ತಾದರೆ ಫೈಲು ಪೂರ್ತಿ ಸುಳ್ಳು, ಇನ್ನೊಂದು ಸೈಟಿನಲ್ಲಿ ಮತ್ತೆ ಒಂದನೆಯ ಸಾಲಿನಿಂದ ಶುರು.

ಜಸೀಲಾಳ ಕೆಲಸ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ. ಒಂದು ಟ್ರಸ್ಟಿನವರ ಡಯಾಲಿಸಿಸ್ ಕೇಂದ್ರ ಹಳೆಯ ಬಾಡಿಗೆ ಕೋಣೆಯಿಂದ ಹೊಸ ಕಟ್ಟಡಕ್ಕೆ ಬರುವುದಿತ್ತು. ಆರು ಮೆಷಿನು, ನೀರು ಶುದ್ಧ ಮಾಡುವ ಘಟಕ, ವಯರಿಂಗು, ಜನರೇಟರು. ಶುಕ್ರವಾರ ಮೆಷಿನುಗಳನ್ನು ಸಾಗಿಸಬೇಕು, ಶನಿವಾರ ಹನ್ನೊಂದು ಗಂಟೆಗೆ ಮೊದಲ ರೋಗಿ ಕೂರಬೇಕು. ಮೂತ್ರಪಿಂಡ ಕೈಕೊಟ್ಟವರಿಗೆ ಡಯಾಲಿಸಿಸನ್ನು ಬರುವ ವಾರ ನೋಡುವ ಎನ್ನುವಂತಿಲ್ಲ. ಮೇ ತಿಂಗಳು ಬೇರೆ. ಚಾರ್ಮಾಡಿ ಕಡೆ ಒಂದು ಗುಡುಗು ಕೇಳಿದರೆ ಸಾಕು, ಇಲ್ಲಿ ಕರೆಂಟು ಹೋಗಿರುತ್ತದೆ. ಆದ್ದರಿಂದಲೇ ಜನರೇಟರು, ಆದ್ದರಿಂದಲೇ ಆ ಸಾಲು.

ಹಾಗಿದ್ದರೆ ನೋಡದೆ ಸಹಿ ಹಾಕಿದ್ದೇಕೆ? ಉಮ್ಮರ್ ಕಾಕ "ಆಯ್ತು" ಎಂದದ್ದಕ್ಕೆ.

ಉಮ್ಮರ್ ಕಾಕ ಎಂದರೆ ಪಾಣೆಮಂಗಳೂರಿನಿಂದ ಲಾಯಿಲದವರೆಗೆ ಅರ್ಧಕ್ಕರ್ಧ ಮನೆಗಳ ವಯರಿಂಗು ಮಾಡಿದ ಮೇಸ್ತ್ರಿ. ಇಪ್ಪತ್ತು ವರ್ಷಗಳ ಹಿಂದೆ ಜಸೀಲಾಳಿಗೆ ಟೆಸ್ಟರ್ ಹಿಡಿಯಲು ಕಲಿಸಿದವರೂ ಅವರೇ. ಈ ಕಡೆ ಒಂದು ಕ್ರಮವುಂಟು. ವಯಸ್ಸಾದ ಮೇಸ್ತ್ರಿ "ಆಯ್ತು" ಎಂದ ಮೇಲೆ "ತೋರಿಸಿ" ಎನ್ನುವ ಹಾಗಿಲ್ಲ. ಎಂದರೆ, ನೀವು ಸುಳ್ಳುಗಾರ ಎಂದು ಮುಖಕ್ಕೆ ಹೇಳಿದಂತೆ. ಹಾಗೆ ಕೇಳಿದವರ ಮನೆಗೆ ಆಮೇಲೆ ಮೇಸ್ತ್ರಿ ಬರುವುದಿಲ್ಲ, ಬಂದರೂ ಚಾ ಕುಡಿಯುವುದಿಲ್ಲ. ಚಾ ಕುಡಿಯದೆ ಹೋದ ಸುದ್ದಿ ಸಂಜೆಯೊಳಗೆ ಇಡೀ ಊರಿಗೆ ತಲುಪಿರುತ್ತದೆ. ಮಂಗಳವಾರ ಜಸೀಲಾ ಫೈಲು ಹಿಡಿದು ನಿಂತಾಗ ಕಾಕ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. "ಜನರೇಟರಿನದ್ದು ಆಯ್ತಾ ಕಾಕ?" ಎಂದಳು. "ಆಯ್ತು" ಎಂದರು. ಅವಳು ಬರೆದಳು, ಅವರು ಸಹಿ ಹಾಕಿದರು, ಅವಳೂ ಹಾಕಿದಳು.

ಇನ್ನೊಂದು ವಿಷಯವೂ ಇತ್ತು. ಶನಿವಾರ ಮೊದಲ ಕುರ್ಚಿಯಲ್ಲಿ ಕೂರುವವರು ಕಾಕನ ಹೆಂಡತಿ ಖತೀಜಮ್ಮ. ಮೂರು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು. ತನ್ನ ಹೆಂಡತಿ ಕೂರುವ ಮೆಷಿನಿನ ಕೆಲಸವನ್ನು ಯಾವ ಗಂಡಸು ಅರೆಬರೆ ಬಿಡುತ್ತಾನೆ? ಜಸೀಲಾ ಹಾಗೆ ಯೋಚಿಸಿದಳು. ನೀವಾದರೂ ಹಾಗೇ ಯೋಚಿಸುತ್ತಿದ್ದಿರಿ.

ಫೈಲಿನ ಒಂದು ಪ್ರತಿ ಬುಧವಾರವೇ ಪರೀಕ್ಷಕರಿಗೆ ಹೋಯಿತು. ಶುಕ್ರವಾರ ಸಂಜೆ ಮೆಷಿನುಗಳನ್ನೆಲ್ಲ ಇಳಿಸಿ ಮನೆಗೆ ಹೊರಟವಳು ಜನರೇಟರಿನ ಪಕ್ಕದಲ್ಲಿ ಹಾದುಹೋದಳು. ಎಂಜಿನು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಪುಟ್ಟ ಮೀಟರೊಂದು ಅದರ ಮೈಮೇಲಿರುತ್ತದೆ. ಎರಡು ಪಾಯಿಂಟ್ ಒಂದು ಎಂದಿತ್ತು. ಜನರೇಟರು ಲಾರಿಯಿಂದ ಇಳಿದ ದಿನ ಅವಳೇ ತೆಗೆದ ಫೋಟೋ ಮೊಬೈಲಿನಲ್ಲಿತ್ತು. ಅದರಲ್ಲೂ ಎರಡು ಪಾಯಿಂಟ್ ಒಂದು.

ಅಂದರೆ ಇಲ್ಲಿಗೆ ಬಂದ ಮೇಲೆ ಅದು ಒಂದು ನಿಮಿಷವೂ ಓಡಿರಲಿಲ್ಲ.

ಕಾಕನಿಗೆ ಫೋನು ಮಾಡಲು ಮೂರು ಸಲ ಮೊಬೈಲು ತೆಗೆದು ಮೂರು ಸಲವೂ ಒಳಗಿಟ್ಟಳು. ಮೀಟರೇ ಹಾಳಾಗಿರಬಹುದು ಎಂದುಕೊಂಡಳು. ಹೊಸ ಮೀಟರು ಹಾಳಾಗುವುದುಂಟೇ ಎಂದು ತನಗೆ ತಾನೇ ಬೈದುಕೊಂಡಳು. ಹೇಳಿದರೆ ಕಾಕನ ಮಾನ ಹೋಗುತ್ತದೆ, ತನ್ನ ಒಂದು ವರ್ಷ ಹೋಗುತ್ತದೆ. ಹೇಳದಿದ್ದರೆ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗಲೇ ಇಲ್ಲ. ಹೀಗೆ ಯಾರಿಗೂ ಹೇಳದೆ ಶನಿವಾರ ಬೆಳಿಗ್ಗೆ ಲಾಯಿಲದಲ್ಲಿ ಬಸ್ಸು ಇಳಿದಳು.

ಪರೀಕ್ಷಕಿ ಆಗಲೇ ಬಂದಿದ್ದರು. ರಾಜೀವಿ ಎಂದು ಹೆಸರು. ಮೂಡುಬಿದಿರೆಯವರು, ಮೂವತ್ತು ವರ್ಷ ಕಟ್ಟಡ ಕಟ್ಟಿಸಿ ನಿವೃತ್ತರಾದ ಇಂಜಿನಿಯರು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ಪೆನ್ಸಿಲು. ಮೆಲ್ಲಗೆ ಮಾತಾಡುವವರು. ಜೋರು ಮಾಡುವವರ ಎದುರು ನಿಲ್ಲಬಹುದು. ಮೆಲ್ಲಗೆ ಮಾತಾಡುವವರ ಎದುರು ನಿಲ್ಲುವುದು ಕಷ್ಟ.

"ನೀವು ನನ್ನ ಜೊತೆ ಬನ್ನಿ. ಆದರೆ ಉತ್ತರ ನೀವು ಹೇಳುವುದು ಬೇಡ" ಎಂದರು ರಾಜೀವಿ ಮೇಡಂ. "ನಾನು ಬೇರೆಯವರನ್ನು ಕೇಳುತ್ತೇನೆ."

ಒಂದೊಂದೇ ಸಾಲು ಹಿಡಿದು ಹೊರಟರು. ನೀರಿನ ಘಟಕದ ಕೋಣೆಯಲ್ಲಿ ಬಗ್ಗಿ ಪೈಪಿನ ಜೋಡಣೆ ಮುಟ್ಟಿ ನೋಡಿದರು. ಡಯಾಲಿಸಿಸ್ ಟೆಕ್ನೀಶಿಯನ್ ಸಾತ್ವಿಕಾಳನ್ನು ಕರೆದು, "ಬೆಂಕಿ ಬಿದ್ದರೆ ರೋಗಿಗಳನ್ನು ಯಾವ ಬಾಗಿಲಿನಿಂದ ಕರೆದುಕೊಂಡು ಹೋಗುತ್ತೀರಿ, ನಡೆದು ತೋರಿಸಿ" ಎಂದರು. ಅವಳು ನಡೆದು ತೋರಿಸಿದಳು. ಎಲ್ಲದಕ್ಕೂ ಪೆನ್ಸಿಲಿನ ಸಣ್ಣ ಗೆರೆ ಬಿತ್ತು. ಮೂವತ್ತೈದು, ಮೂವತ್ತಾರು. ಜಸೀಲಾ ಎರಡು ಹೆಜ್ಜೆ ಹಿಂದೆ ಉಳಿದಳು. ಮೂವತ್ತೊಂಬತ್ತು, ನಲವತ್ತು. ಮೇಡಂ ಪುಟ ತಿರುಗಿಸಿದರು, ಸಹಿಯ ಮೇಲೆ ಒಮ್ಮೆ ಕಣ್ಣಾಡಿಸಿದರು, ಪೆನ್ಸಿಲಿನಲ್ಲಿ ಗೆರೆ ಎಳೆದರು.

"ನಲವತ್ತೆರಡು. ಕೈ ತೊಳೆಯುವ ಜಾಗ" ಎಂದು ಮುಂದೆ ನಡೆದೇಬಿಟ್ಟರು.

ದಾಟಿತು. ಕೇಳಲೇ ಇಲ್ಲ. ಇನ್ನು ಯಾರೂ ಕೇಳುವುದಿಲ್ಲ, ಸರ್ಟಿಫಿಕೇಟು ಕೈಗೆ ಬಂದ ಹಾಗೆಯೇ. ಬೋರ್ಡು, ಹೆಸರು, ಎಲ್ಲ. ಖುಷಿಯಾಗಬೇಕಿತ್ತು. ಆದರೆ ಇಷ್ಟು ಹೊತ್ತು ಮೇಡಮ್ಮಿನ ಮೇಲಿದ್ದ ಹೆದರಿಕೆ ಈಗ ಹೋಗಿ ಆ ಆರು ಮೆಷಿನುಗಳ ಮೇಲೆ ಕೂತಿತು. ಮೇಡಂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದಳು, ಕೆಲಸವೂ ಅಲ್ಲಿಗೇ ನಿಲ್ಲುತ್ತಿತ್ತು. ಈಗ ನಿಲ್ಲಿಸಲು ಅವಳೊಬ್ಬಳೇ ಉಳಿದಿದ್ದಳು.

ಹತ್ತೂ ಮುಕ್ಕಾಲಿಗೆ ಉಮ್ಮರ್ ಕಾಕ ಖತೀಜಮ್ಮನನ್ನು ಆಟೋದಲ್ಲಿ ಕರೆತಂದರು. ಖತೀಜಮ್ಮನ ಕಾಲು ಊದಿಕೊಂಡಿತ್ತು. ಹಳೆಯ ಕೋಣೆಯಲ್ಲಿ ಕೊನೆಯ ಡಯಾಲಿಸಿಸ್ ಆಗಿ ನಾಲ್ಕು ದಿನವಾಗಿತ್ತು. ಕುರ್ಚಿಯಲ್ಲಿ ಒರಗಿ ಜಸೀಲಾಳನ್ನು ನೋಡಿ ನಕ್ಕರು. "ಚಂದ ಮಾಡಿದ್ದಿ ಮಗಳೇ. ಹಳೆ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು."

ಸಾತ್ವಿಕಾ ಎಡಗೈಯನ್ನು ದಿಂಬಿನ ಮೇಲಿಟ್ಟು ಸ್ಪಿರಿಟ್ಟಿನಲ್ಲಿ ಒರೆಸತೊಡಗಿದಳು. ಕಾಕ ಒಳಗೆ ನಿಲ್ಲದೆ ಹೊರಗಿನ ಸ್ವಿಚ್‌ಬೋರ್ಡಿನ ಹತ್ತಿರ ಹೋಗಿ ನಿಂತರು. ದೂರದಲ್ಲಿ ಗುಡುಗಿನ ಸದ್ದಾಯಿತು. ಕಾಕ ಆಕಾಶ ನೋಡಿದ್ದನ್ನು ಜಸೀಲಾ ನೋಡಿದಳು. ಆ ಮುಖದಲ್ಲಿ ತನ್ನದೇ ಹೆದರಿಕೆ ಕಂಡಳು.

"ಸಾತ್ವಿಕಾ, ಡಯಾಲಿಸಿಸ್ ನಡೀತಾ ಇರುವಾಗ ಕರೆಂಟು ಹೋದ್ರೆ ಎಷ್ಟು ಹೊತ್ತು ಉಂಟು?" ಕೇಳಿದಳು.

"ಮೆಷಿನಿನ ಬ್ಯಾಟರಿ ಹದಿನೈದು ನಿಮಿಷ. ಆಮೇಲೆ ಪಂಪನ್ನು ಕೈಯಲ್ಲಿ ತಿರುಗಿಸಿ ರಕ್ತ ವಾಪಸ್ಸು ದೇಹಕ್ಕೆ ಕೊಡ್ಬೇಕು. ಇಲ್ಲದಿದ್ರೆ ಟ್ಯೂಬಿನಲ್ಲೇ ಹೆಪ್ಪುಗಟ್ತದೆ." ಸಾತ್ವಿಕಾ ಸೂಜಿಯ ಪ್ಯಾಕೆಟು ಹರಿದಳು. "ಒಬ್ಬರಾದ್ರೆ ಮಾಡಬಹುದು. ಇವತ್ತು ಆರು ಜನ ಇದ್ದಾರೆ, ಟೆಕ್ನೀಶಿಯನ್ನರು ನಾವು ಇಬ್ಬರೇ. ಜನರೇಟರ್ ಉಂಟಲ್ಲ ಅಕ್ಕ, ಎಂತಕ್ಕೆ ಹೆದರುದು?"

"ಸೂಜಿ ಹಾಕ್ಬೇಡಿ" ಎಂದಳು ಜಸೀಲಾ.

ರಾಜೀವಿ ಮೇಡಂ ತಲೆ ಎತ್ತಿದರು. ಜಸೀಲಾ ಅವರ ಹತ್ತಿರ ಹೋದಳು. "ಮೇಡಂ, ನಲವತ್ತೊಂದನೆಯ ಸಾಲು ಸುಳ್ಳು. ಜನರೇಟರ್ ಓಡಿದ್ದನ್ನು ನಾನು ನೋಡ್ಲಿಲ್ಲ. ನೋಡದೆ ಸಹಿ ಹಾಕಿದ್ದೇನೆ. ಈಗ ಪರೀಕ್ಷೆ ಮಾಡದೆ ಯಾರನ್ನೂ ಮೆಷಿನಿಗೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ."

ಮೇಡಂ ಫೈಲಿನ ಪುಟ ಹಿಂದಕ್ಕೆ ತಿರುಗಿಸಿದರು. ಜಸೀಲಾ ಹೊರಗೆ ಹೋಗಿ ಉಮ್ಮರ್ ಕಾಕನ ಎದುರು ನಿಂತಳು. ಇಪ್ಪತ್ತು ವರ್ಷಗಳಲ್ಲಿ ಅವರಿಗೆ ಹೇಳದ ಮಾತು ಅದು.

"ಕಾಕ, ಮೈನ್ ಆಫ್ ಮಾಡಿ, ಜನರೇಟರ್ ಒಮ್ಮೆ ತೋರಿಸಿ."

"ನಾನು ಹೇಳಿದ್ದು ಸಾಲದಾ ನಿನಗೆ?"

"ಸಾಲದು ಕಾಕ."

ಕಾಕ ಅವಳ ಮುಖವನ್ನು ನೋಡಲಿಲ್ಲ. ಬೋರ್ಡಿನ ಬಾಗಿಲು ತೆಗೆದು ಮೈನ್ ಸ್ವಿಚ್ಚನ್ನು ಕೆಳಗೆ ಎಳೆದರು. ಒಳಗೆ ಫ್ಯಾನು ನಿಂತಿತು, ದೀಪಗಳು ಆರಿದವು, ಆರೂ ಮೆಷಿನುಗಳು ಒಟ್ಟಿಗೆ ಕೂಗತೊಡಗಿದವು. ಹತ್ತು ಸೆಕೆಂಡಿನಲ್ಲಿ ಜನರೇಟರು ತಾನಾಗಿ ಹೊರಡಬೇಕು. ಜಸೀಲಾ ಎಣಿಸಿದಳು. ಹತ್ತು. ಇಪ್ಪತ್ತು. ನಲವತ್ತು. ಜನರೇಟರು ಬಂಡೆಯಂತೆ ಬಿದ್ದುಕೊಂಡಿತ್ತು. ಒಳಗಿನಿಂದ ಮೆಷಿನುಗಳ ಕೂಗು ನಿಲ್ಲಲಿಲ್ಲ. ನೂರಕ್ಕೆ ಬಂದಾಗ ಅವಳು ಎಣಿಸುವುದನ್ನು ಬಿಟ್ಟಳು. ಆ ಕುರ್ಚಿಯಲ್ಲಿ ಈ ಹೊತ್ತಿಗೆ ಖತೀಜಮ್ಮನ ರಕ್ತ ಟ್ಯೂಬಿನಲ್ಲಿರುತ್ತಿತ್ತು.

ಅವಳೇ ಮೈನ್ ಸ್ವಿಚ್ಚನ್ನು ಮೇಲೆ ಹಾಕಿದಳು. ಜನರೇಟರ್ ಕಂಪನಿಯ ಮಂಗಳೂರಿನ ನಂಬರಿಗೆ ಫೋನು ಮಾಡಿ ಮೆಕ್ಯಾನಿಕನನ್ನು ಆಗಿಂದಾಗಲೇ ಹೊರಡಿಸಿದಳು. ಬರಬೇಕಾಗಿದ್ದ ಉಳಿದ ಐದು ರೋಗಿಗಳಿಗೆ ತಾನೇ ಫೋನು ಮಾಡಿ, ಮೂರು ಗಂಟೆಯ ಮೇಲೆ ಬರಬೇಕೆಂದೂ, ಅಷ್ಟರೊಳಗೆ ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದೂ ಹೇಳಿದಳು. ಯಾಕೆ ತಡ ಎಂದು ಕೇಳಿದವರಿಗೆಲ್ಲ "ನನ್ನ ತಪ್ಪು" ಎಂದಳು. ಐದು ಸಲ.

ಹಿಂದಕ್ಕೆ ಬಂದಾಗ ಕಾಕ ಜನರೇಟರಿನ ಪಕ್ಕದ ಮರಳಿನ ಚೀಲದ ಮೇಲೆ ಕೂತಿದ್ದರು. ತಲೆಯ ಮೇಲಿನ ಟೊಪ್ಪಿ ಕೈಗೆ ಬಂದಿತ್ತು.

"ಈ ಪ್ಯಾನೆಲು ನನಗೆ ಬರುದಿಲ್ಲ ಮಗಳೇ" ಎಂದರು. "ಹಳೆ ಜನರೇಟರಾದ್ರೆ ಕಣ್ಣು ಮುಚ್ಚಿ ಬಿಚ್ಚುವೆ. ಇದರಲ್ಲಿ ಬರೇ ಗುಂಡಿ, ಇಂಗ್ಲಿಷು. ಕಂಪನಿಯವ ಬಂದು ಹೇಳಿಕೊಡ್ತೇನೆ ಅಂದಿದ್ದ, ಬರ್ಲಿಲ್ಲ. ಉಮ್ಮರನಿಗೆ ಗೊತ್ತಿಲ್ಲ ಅಂತ ಯಾರ ಹತ್ರ ಹೇಳುದು?"

"ಖತೀಜಮ್ಮ ಕೂರ್ತಾರೆ ಅಂತ ಗೊತ್ತಿತ್ತಲ್ಲ ಕಾಕ."

"ಗೊತ್ತಿತ್ತು. ನಾಲ್ಕು ದಿನ ಆಯ್ತು, ಒಂದು ತುತ್ತು ಇಳಿಯುದಿಲ್ಲ. ಕರೆಂಟು ಹೋಗದಿರಲಿ ಅಂತ ಮೇಲಿನವನ ಹತ್ರ ಕೇಳ್ತಾ ಇದ್ದೆ." ಟೊಪ್ಪಿಯನ್ನು ಮಡಚಿದರು. "ನೀನು ಮಂಗಳವಾರವೇ ತೋರಿಸಿ ಅಂತ ಹೇಳಿದ್ರೆ, ಬೈದುಕೊಂಡಾದ್ರೂ ಹೇಳಿಬಿಡ್ತಿದ್ದೆ. ನೀನು ಬರೆದು ಮುಂದೆ ಕೊಟ್ಟಿ. ಸಹಿ ಹಾಕಿದೆ."

ಜಸೀಲಾಳಿಗೆ ಅಳು ಬಂತು. ಅವರ ಮೇಲಿನ ಸಿಟ್ಟೂ ಅದರಲ್ಲಿತ್ತು, ತನ್ನ ಮೇಲಿನದು ಅದಕ್ಕಿಂತ ಹೆಚ್ಚಿತ್ತು. ಮರ್ಯಾದೆ ಎಂದು ಅವಳು ಕೇಳಲಿಲ್ಲ, ಮರ್ಯಾದೆ ಎಂದು ಅವರು ಹೇಳಲಿಲ್ಲ. ನಡುವೆ ಒಂದು ಹೆಂಗಸಿನ ಜೀವ ತೂಗಾಡುತ್ತಿತ್ತು.

ಮಂಗಳೂರಿನ ಮೆಕ್ಯಾನಿಕ್ ಎರಡೂವರೆಗೆ ಬಂದ. ಜನರೇಟರು ತಾನಾಗಿ ಹೊರಡಲು ಪ್ಯಾನೆಲಿನಲ್ಲಿ ಒತ್ತಬೇಕಾದ ಗುಂಡಿಯನ್ನು ಒತ್ತಿಯೇ ಇರಲಿಲ್ಲ, ಮೈನಿನಿಂದ ಬರಬೇಕಾದ ಒಂದು ವಯರನ್ನು ಸಿಕ್ಕಿಸಿಯೂ ಇರಲಿಲ್ಲ. ಒಂದು ಗಂಟೆಯ ಕೆಲಸ. ಕಾಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರತಿ ಗುಂಡಿಯನ್ನೂ ಅವರ ಕೈಯಿಂದಲೇ ಒತ್ತಿಸಬೇಕೆಂದು ಜಸೀಲಾ ಮೆಕ್ಯಾನಿಕ್‌ಗೆ ತಾಕೀತು ಮಾಡಿದಳು. ಆಮೇಲೆ ಮೈನನ್ನು ಮೂರು ಸಲ ಆಫ್ ಮಾಡಿಸಿ ಮೂರು ಸಲವೂ ಎದುರಿಗೆ ನಿಂತು ನೋಡಿದಳು. ಮೂರೂಮುಕ್ಕಾಲಿಗೆ ಖತೀಜಮ್ಮನಿಗೆ ಸೂಜಿ ಬಿತ್ತು.

ಐದು ಗಂಟೆಗೆ ರಾಜೀವಿ ಮೇಡಂ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಫೈಲು ತೆರೆದೇ ಇತ್ತು.

"ಇವತ್ತು ನೀವು ಕೆಲಸ ನಿಲ್ಲಿಸಿದ್ದನ್ನು ಬರೆದಿದ್ದೇನೆ. ಮಂಗಳವಾರ ನೋಡದೆ ಸಹಿ ಹಾಕಿದ್ದನ್ನೂ ಬರೆದಿದ್ದೇನೆ. ಎರಡೂ ನಿಮ್ಮದೇ ಕೆಲಸ" ಎಂದರು. "ನಿಯಮ ನಿಮಗೆ ಗೊತ್ತುಂಟು."

"ಗೊತ್ತುಂಟು ಮೇಡಂ."

ಕೊನೆಯ ಪುಟದಲ್ಲಿ 'ಇನ್ನೂ ಸಮರ್ಥರಲ್ಲ' ಎಂದಿತ್ತು. ಒಂದು ವರ್ಷ ಹೆದರಿದ್ದ ಅಕ್ಷರಗಳು. ಜಸೀಲಾ ಎರಡು ಸಲ ಓದಿದಳು. ಅದರ ಕೆಳಗೆ ಮತ್ತೊಂದು ಪ್ಯಾರಾ ಇತ್ತು, ಅದು ಅವಳ ಬಗ್ಗೆ ಅಲ್ಲ.

"ಅದು ನನ್ನದು" ಎಂದರು ಮೇಡಂ. ಮೊದಲ ಬಾರಿಗೆ ಅವರ ದನಿ ಸ್ವಲ್ಪ ತಡವರಿಸಿತು. "ಮೂಡುಬಿದಿರೆಯಲ್ಲಿ ನಮ್ಮ ಮನೆಯ ವಯರಿಂಗು ಉಮ್ಮರ್ ಅವರದ್ದು. ಇಪ್ಪತ್ತೆರಡು ವರ್ಷ ಆಯಿತು, ಒಂದು ದಿನ ತೊಂದರೆ ಕೊಟ್ಟಿಲ್ಲ. ಅವರ ಸಹಿ ಕಂಡೆ, ನೋಡುವುದೆಂತ ಎಂದು ಗೆರೆ ಎಳೆದೆ. ನಿಮ್ಮ ಹಾಗೆಯೇ. ಇನ್ನೊಮ್ಮೆ ನಿಮ್ಮನ್ನು ನೋಡಲು ಬೇರೆಯವರನ್ನು ಕಳಿಸಿ ಎಂದು ಬರೆದಿದ್ದೇನೆ."

ಜಸೀಲಾ ಫೈಲು ಮುಚ್ಚಿಕೊಂಡು ಒಳಗೆ ಬಂದಳು.

ಐದೂಕಾಲಿಗೆ ಗುಡುಗಿತು. ಕರೆಂಟು ನಿಜಕ್ಕೂ ಹೋಯಿತು. ಸಾತ್ವಿಕಾ ಇದ್ದಲ್ಲೇ ನಿಂತಳು. ಜಸೀಲಾ ತುಟಿಯೊಳಗೇ ಎಣಿಸಿದಳು. ಒಂಬತ್ತಕ್ಕೆ ಹೊರಗೆ ಜನರೇಟರು ಗುಡುಗುಟ್ಟಿತು, ದೀಪ ಬಂತು, ಆರು ಜನರ ರಕ್ತ ಆರು ಮೆಷಿನುಗಳಲ್ಲಿ ಮೊದಲಿನಂತೆ ಹರಿಯಿತು.

ಖತೀಜಮ್ಮ ಬಲಗೈಯಿಂದ ಅವಳನ್ನು ಹತ್ತಿರ ಕರೆದರು. "ಪಾಸಾ ಮಗಳೇ?"

"ಇಲ್ಲ." ಅವಳು ಸ್ಟೂಲಿನ ಮೇಲೆ ಕೂತಳು. ಮುಚ್ಚಿಡುವುದು ಸಾಕೆನಿಸಿತ್ತು. ಮಂಗಳವಾರದಿಂದ ಬೆಳಿಗ್ಗೆಯವರೆಗಿನ ತನ್ನ ಪಾಲಿನದ್ದನ್ನು ಒಂದೂ ಬಿಡದೆ ಹೇಳಿದಳು. ಕಾಕನದ್ದನ್ನು ಕಾಕನೇ ಹೇಳಲಿ ಎಂದು ಬಿಟ್ಟಳು.

ಖತೀಜಮ್ಮ ತಮ್ಮ ಕೈಯಿಂದ ಹೊರಟ ಕೆಂಪು ಟ್ಯೂಬನ್ನು ನೋಡಿದರು.

"ನೀನು ಬಾಯಿ ಬಿಡದಿದ್ದರೆ ಪಾಸಾಗ್ತಿತ್ತಾ?"

"ಆಗ್ತಿತ್ತು."

"ಹಾಗಾದ್ರೆ ಬಾಯಿ ಬಿಡದೆ ಪಾಸಾದವರು ಎಷ್ಟು ಜನ ಇರಬಹುದು, ಜಸೀಲಾ?" ಎಂದು ಖತೀಜಮ್ಮ ಮೆಲ್ಲಗೆ ಕೇಳಿದರು. ತಲೆಯ ಮೇಲಿನ ದೀಪ, ಗೋಡೆ, ಮೆಷಿನು, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಬಲಗೈಯಿಂದ ಅವಳ ಕೈ ಹಿಡಿದುಕೊಂಡರು. ಡಯಾಲಿಸಿಸ್ ಮುಗಿಯಲು ಇನ್ನೂ ಎರಡೂವರೆ ಗಂಟೆ ಇತ್ತು. ಅಲ್ಲಿಯವರೆಗೂ ಅವರು ಆ ಕೈ ಬಿಡಲಿಲ್ಲ.